ಕಿರುಬೆರಳಿಗೆ ಜಾಗವಿಲ್ಲದ ಕ್ಯಾಮೆರಾ

ಎಂಟು ತಿಂಗಳು ದಿನವೂ ಬಳಸಿದ ಮೇಲೆ ಈ ಕ್ಯಾಮೆರಾದ ಸೆನ್ಸರ್ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಉಳಿದಿಲ್ಲ. ಚಿತ್ರಗಳು ಚೆನ್ನಾಗಿಯೇ ಬರುತ್ತವೆ. ಈ ದರ್ಜೆಯ ಯಾವ ಕ್ಯಾಮೆರಾದಲ್ಲಿಯೂ ಈಗ ಚೆನ್ನಾಗಿಯೇ ಬರುತ್ತವೆ. ಹೇಳಬೇಕಾಗಿರುವುದು ಅದು ಕೈಯಲ್ಲಿ ಕೂರುವ ಬಗೆಯನ್ನು ಕುರಿತು. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ) ಸೆನ್ಸರ್ ಇರುವ, ನೆತ್ತಿಯ ನಡುವೆ ವ್ಯೂಫೈಂಡರ್‌ನ ಗೂನು ಇರುವ, ಬ್ಯಾಟರಿ ಸಮೇತ ಅರ್ಧ ಕಿಲೋ ಆಸುಪಾಸು ತೂಗುವ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಇದು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಹೆಚ್ಚುಕಡಿಮೆ ಇದೇ ಅಚ್ಚಿನ ಬಾಡಿಗಳು ಒಂದಕ್ಕಿಂತ ಹೆಚ್ಚು ಕಂಪನಿಗಳಲ್ಲಿವೆ, ಇಲ್ಲಿನ ಗುಣದೋಷಗಳನ್ನು ಓದುಗರು ಅವುಗಳಿಗೂ ಹಚ್ಚಿ ನೋಡಬಹುದು. ನನ್ನ ಅಳತೆಗೋಲು ಒಂದೇ: ಕಣ್ಣು ವ್ಯೂಫೈಂಡರ್‌ನಿಂದ ಕದಲದಿರುವಾಗ ಬೆರಳುಗಳು ತಮ್ಮ ಕೆಲಸವನ್ನು ತಾವೇ ಮುಗಿಸುತ್ತವೆಯೇ, ಇಲ್ಲವೇ.

ಮೊದಲು ಹಿಡಿಕೆ. ಅದರ ಆಳ ಮೆಚ್ಚುವಂತಿದೆ. ಮಧ್ಯದ ಬೆರಳಿನ ತುದಿ ಬಾಗಿ ಕೂರುವಷ್ಟು ತಗ್ಗು ಒಳಬದಿಯಲ್ಲಿದೆ, ಹಿಂಬದಿಯಲ್ಲಿ ಹೆಬ್ಬೆರಳು ಒರಗಲು ಸಣ್ಣ ದಿಬ್ಬವಿದೆ, ಇವೆರಡರ ನಡುವೆ ಬಾಡಿಯನ್ನು ಅಮುಕದೆಯೇ ಹಿಡಿಯಬಹುದು. ಸಾಲದಿರುವುದು ಎತ್ತರ. ಮಧ್ಯದ ಬೆರಳು, ಉಂಗುರಬೆರಳು ಕೂತರೆ ಜಾಗ ಮುಗಿಯಿತು, ಕಿರುಬೆರಳು ತಳದಿಂದ ಕೆಳಗೆ ಜಾರಿ ನೇತಾಡುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡುವವರಿಗೆ ಇದು ಕೊರತೆಯೆಂದು ಅನ್ನಿಸುವುದಿಲ್ಲ, ನನಗೂ ಅನ್ನಿಸಿರಲಿಲ್ಲ. ಆದರೆ ಕ್ಯಾಮೆರಾವನ್ನು ಒಂದೇ ಕೈಯಲ್ಲಿ ಹಿಡಿದು ಹೊತ್ತುಗಟ್ಟಲೆ ಓಡಾಡುವಾಗ ಒಂದು ಬೆರಳು ಕೆಲಸ ಬಿಟ್ಟರೆ ಉಳಿದವು ಅದರ ಪಾಲನ್ನೂ ಹೊತ್ತು ಬಿಗಿಯಾಗುತ್ತವೆ, ಆ ಬಿಗಿತ ಕೊನೆಗೆ ಶಟರ್ ಬಟನ್ ಮೇಲಿರುವ ತೋರುಬೆರಳಿಗೂ ಏರುತ್ತದೆ. ಮೂರು ಗಂಟೆಗಳ ಕಾರ್ಯಕ್ರಮವೊಂದರ ಚಿತ್ರಗಳನ್ನು ತೆಗೆದು ಬಂದ ರಾತ್ರಿ ನನ್ನ ಹೆಬ್ಬೆರಳಿನ ಬುಡ ಲೋಟ ಎತ್ತುವಾಗಲೂ ನೋಯುತ್ತಿತ್ತು.

ಇದಕ್ಕೆ ಲೆನ್ಸ್‌ನ ತೂಕವನ್ನೂ ಸೇರಿಸಿ ನೋಡಬೇಕು. ಬಾಡಿ ಇಷ್ಟು ಗ್ರಾಂ ಹಗುರವೆಂದು ಹೊಗಳುವ ಜಾಹೀರಾತುಗಳು ಅದರ ಮುಂದೆ ತೂಗುವುದೇನೆಂಬುದನ್ನು ಹೇಳುವುದಿಲ್ಲ. ಎಫ್ 2.8 ಅಪರ್ಚರ್‌ನ (ಬೆಳಕನ್ನು ಧಾರಾಳವಾಗಿ ಒಳಬಿಡುವ ಕಿಂಡಿಯ) 24-70 ಮಿ.ಮೀ. ಜೂಮ್ ಲೆನ್ಸ್‌ಗಳನ್ನೇ ತೆಗೆದುಕೊಳ್ಳಿ: ಕ್ಯಾನನ್‌ನ ಆರ್‌ಎಫ್ ಲೆನ್ಸ್ 900 ಗ್ರಾಂ ಇದೆ, ನಿಕಾನ್‌ನ 2019ರ ಝಡ್ ಲೆನ್ಸ್ 805 ಗ್ರಾಂ. ಬಾಡಿಗಿಂತ ಲೆನ್ಸ್ ಭಾರವಾದಾಗ ತೂಕದ ಕೇಂದ್ರ ಹಿಡಿಕೆಯಿಂದ ಮುಂದಕ್ಕೆ ಸರಿಯುತ್ತದೆ, ಕ್ಯಾಮೆರಾ ಸದಾ ಮೂಗು ತಗ್ಗಿಸಲು ನೋಡುತ್ತದೆ, ಮಣಿಕಟ್ಟು ಅದನ್ನು ಸದಾ ಎತ್ತಿ ಹಿಡಿಯಬೇಕಾಗುತ್ತದೆ. ಸೋನಿ 2016ರಲ್ಲಿ ತಂದ ಇದೇ ಬಗೆಯ ಲೆನ್ಸ್ 886 ಗ್ರಾಂ ಇದ್ದದ್ದು 2022ರ ಎರಡನೆಯ ಆವೃತ್ತಿಯಲ್ಲಿ 695 ಗ್ರಾಮಿಗೆ ಇಳಿಯಿತು. ಬಾಡಿಯಲ್ಲಿ 50 ಗ್ರಾಂ ಉಳಿಸುವುದಕ್ಕಿಂತ ಮುಂದಿನ ತುದಿಯಲ್ಲಿ ಉಳಿಸಿದ ಈ 191 ಗ್ರಾಂ ಕೈಗೆ ಹೆಚ್ಚು ಉಪಕಾರಿ ಎಂದು ನನ್ನ ಅಭಿಪ್ರಾಯ. ನನ್ನ ಬಾಡಿಗೆ 300 ಗ್ರಾಂ ಆಸುಪಾಸಿನ 35 ಮಿ.ಮೀ. ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಹಾಕಿದರೆ ಅದು ಬೇರೆಯೇ ಕ್ಯಾಮೆರಾ. ಎರಡು ಬೆರಳೂ ಧಾರಾಳವಾಗಿ ಸಾಕು.

ಜೂಮ್ ಹಾಕಿದಾಗ ಇನ್ನೊಂದು ತೊಂದರೆಯೂ ಕಾಣಿಸಿಕೊಳ್ಳುತ್ತದೆ. ಹಿಡಿಕೆಗೂ ಲೆನ್ಸ್‌ನ ಕೊಳವೆಗೂ ನಡುವೆ ಇರುವ ಸಂದಿ ಎಷ್ಟು ಕಿರಿದೆಂದರೆ ನನ್ನ ಬೆರಳಿನ ಗೆಣ್ಣುಗಳು ಲೆನ್ಸ್‌ಗೆ ಒತ್ತಿಕೊಳ್ಳುತ್ತವೆ, ಚಳಿಗೆ ಕೈಗವಸು ಹಾಕಿಕೊಂಡರಂತೂ ಬೆರಳು ಒಳಗೆ ಹೋಗುವುದೇ ಇಲ್ಲ. ಲೆನ್ಸ್ ಕೂರುವ ಬಳೆಯಾದ ಮೌಂಟನ್ನು ನೋಡಿ: ನಿಕಾನ್ ಝಡ್ ಮೌಂಟ್‌ನ ಒಳವ್ಯಾಸ 55 ಮಿ.ಮೀ., ಕ್ಯಾನನ್ ಆರ್‌ಎಫ್‌ನದು 54 ಮಿ.ಮೀ.; ಮೌಂಟ್ ಇಷ್ಟು ಅಗಲವಾದ ಮೇಲೆ ಬಾಡಿಯನ್ನು ಕಿರಿದಾಗಿಸಲು ಹೊರಟರೆ ಜಾಗ ಕಡಿತವಾಗುವುದು ಬೆರಳುಗಳ ಸಂದಿಯಲ್ಲಿಯೇ. ಬೆಲ್ಟ್ ಕಟ್ಟುವ ತ್ರಿಕೋನದ ಉಂಗುರ ತೋರುಬೆರಳಿಗೂ ಮಧ್ಯದ ಬೆರಳಿಗೂ ನಡುವೆ ಬಂದು ಚುಚ್ಚುವುದು ಬೇರೆ. ಬಲಬದಿಯ ಉಂಗುರವನ್ನು ನಾನು ಎರಡನೆಯ ವಾರದಲ್ಲೇ ತೆಗೆದು ದಾರದ ಕುಣಿಕೆ ಹಾಕಿದೆ.

ಡಯಲ್‌ಗಳ ವಿಷಯದಲ್ಲಿ ಹೊಗಳಿಕೆಯೇ ಹೆಚ್ಚು. ಮುಂದಿನ ಡಯಲ್ ಶಟರ್ ಬಟನ್‌ನ ಹಿಂದೆಯೇ ಇದೆ, ತೋರುಬೆರಳು ಅರ್ಧ ಅಂಗುಲ ಹಿಂದೆ ಸರಿದರೆ ಸಿಗುತ್ತದೆ. ಕ್ಯಾನನ್ 1986ರ ತನ್ನ ಟಿ90 ಫಿಲ್ಮ್ ಕ್ಯಾಮೆರಾದಲ್ಲಿ ಡಯಲ್ಲನ್ನು ಹೀಗೆಯೇ ಇಟ್ಟಿತ್ತು. ಜರ್ಮನ್ ವಿನ್ಯಾಸಕಾರ ಲುಯಿಗಿ ಕೊಲಾನಿಯವರ ವಿನ್ಯಾಸ ಚಿಂತನೆಯೂ ಸೇರಿ ರೂಪುಗೊಂಡ ಆ ಬಾಡಿಯ ದುಂಡು ಹೆಗಲು ಇಂದಿನ ಕ್ಯಾಮೆರಾಗಳಲ್ಲಿ ಇನ್ನೂ ಕಾಣುತ್ತದೆ. ನನ್ನ ಕ್ಯಾಮೆರಾದ ಮುಂದಿನ ಡಯಲ್ ಪ್ರತಿ ಹೆಜ್ಜೆಗೂ ಟಿಕ್ಕೆಂದು ಬೆರಳಿಗೆ ತಿಳಿಯುವಂತೆ ತಿರುಗುವುದರಿಂದ ಮೂರು ಟಿಕ್ ಎಂದರೆ ಒಂದು ಸ್ಟಾಪ್ (ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಎಂದು ಲೆಕ್ಕ ಹಾಕಿಕೊಂಡು, ಅಂಕಿ ನೋಡದೆಯೇ ಎಕ್ಸ್‌ಪೋಷರ್ ಬದಲಿಸಬಹುದು. ಹಿಂದಿನ ಡಯಲ್‌ಗೆ ಆ ಬಿಗಿ ಇಲ್ಲ. ಚೀಲದಿಂದ ತೆಗೆಯುವಷ್ಟರಲ್ಲಿ ಅದು ತಾನೇ ತಿರುಗಿ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರವನ್ನು ಬೆಳಗಿಸುವ ಇಲ್ಲವೇ ಕಪ್ಪಾಗಿಸುವ ಹೊಂದಿಕೆ) ಮೈನಸ್ ಒಂದೂವರೆಗೆ ಹೋಗಿರುತ್ತಿತ್ತು. ಎರಡು ಬಾರಿ ಮೋಸಹೋದ ಮೇಲೆ ಆ ಡಯಲ್‌ನ ಕೆಲಸವನ್ನೇ ಮೆನುವಿನಲ್ಲಿ ಬದಲಿಸಿದೆ.

ಬಟನ್‌ಗಳು ಮಾತ್ರ ನನ್ನ ಅಳತೆಗೋಲಿನಲ್ಲಿ ನಪಾಸಾದವು. ಮೇಲ್ಭಾಗದಲ್ಲಿ ಒಂದೇ ಗಾತ್ರದ, ಒಂದೇ ಎತ್ತರದ ಮೂರು ಗುಂಡಿಗಳು ಸಾಲಾಗಿವೆ. ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ), ವೈಟ್ ಬ್ಯಾಲೆನ್ಸ್ (ಬಣ್ಣಗಳ ಹೊಂದಿಕೆ), ವಿಡಿಯೊ. ಕತ್ತಲಲ್ಲಿ ಐಎಸ್‌ಒ ಏರಿಸಲು ಹೋಗಿ ವಿಡಿಯೊ ಶುರುಮಾಡಿದ್ದಕ್ಕೆ ಲೆಕ್ಕವಿಲ್ಲ, ನನ್ನ ಕಾರ್ಡ್‌ನಲ್ಲಿ ನೆಲವನ್ನೇ ತೋರಿಸುವ ಒಂದೊಂದು ಸೆಕೆಂಡಿನ ವಿಡಿಯೊಗಳು ಸಾಕಷ್ಟಿವೆ. ಐಎಸ್‌ಒ ಗುಂಡಿಯ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ಉಬ್ಬು ಇದ್ದಿದ್ದರೆ ಸಾಕಿತ್ತು. ಬೆರಳಿಗೆ ಗುರುತು ಬೇಕು ಎಂಬುದನ್ನು ದೊಡ್ಡ ಕಂಪನಿಗಳೂ ಬಳಸಿ ನೋಡಿಯೇ ಕಲಿತಿವೆ: ಕ್ಯಾನನ್ 2018ರ ಇಒಎಸ್ ಆರ್ ಕ್ಯಾಮೆರಾದ ಹಿಂಬದಿಯಲ್ಲಿ ಸವರಿ ಬಳಸುವ ಸಮತಟ್ಟಾದ ಪಟ್ಟಿಯೊಂದನ್ನು ಇಟ್ಟಿತ್ತು, 2020ರ ಆರ್5 ಬರುವ ವೇಳೆಗೆ ಅದು ಹೋಗಿ ಹೆಬ್ಬೆರಳಿಗೆ ಜಾಯ್‌ಸ್ಟಿಕ್ ಬಂದಿತ್ತು. ಫ್ಯೂಜಿಫಿಲ್ಮ್ 2014ರ ಎಕ್ಸ್-ಟಿ1ರಲ್ಲಿ ಐಎಸ್‌ಒ ಡಯಲ್‌ನ ಬೀಗದ ಗುಂಡಿಯನ್ನು ಒತ್ತಿ ಹಿಡಿದೇ ತಿರುಗಿಸಬೇಕಿತ್ತು. 2016ರ ಎಕ್ಸ್-ಟಿ2ರಲ್ಲಿ ಒಮ್ಮೆ ಒತ್ತಿದರೆ ಬೀಗ ಬಿಡುವಂತೆ ಮಾಡಿತು.

ಶಟರ್ ಬಟನ್ ಬಗ್ಗೆ ದೂರಿಲ್ಲ. ಅರ್ಧ ಒತ್ತಿದಾಗ ಫೋಕಸ್ ಹಿಡಿಯುವ ಹಂತವೂ ಪೂರ್ತಿ ಒತ್ತುವ ಹಂತವೂ ಬೆರಳಿಗೆ ಬೇರೆಬೇರೆಯಾಗಿ ತಿಳಿಯುತ್ತವೆ, ಕೊನೆಯ ಒತ್ತು ಹಗುರವಾಗಿರುವುದರಿಂದ ಕ್ಯಾಮೆರಾ ಅಲುಗುವುದಿಲ್ಲ.

ವ್ಯೂಫೈಂಡರ್‌ನಲ್ಲಿ ನನ್ನಂಥ ಕನ್ನಡಕದವರು ನೋಡಬೇಕಾದದ್ದು ಸ್ಪಷ್ಟತೆಯನ್ನು ಹೇಳುವ ಚುಕ್ಕೆಗಳ ಸಂಖ್ಯೆಯನ್ನಲ್ಲ, ಐಪಾಯಿಂಟ್ ಎಂಬ ಅಂಕಿಯನ್ನು. ಕಣ್ಣು ಹೆಚ್ಚೆಂದರೆ ಎಷ್ಟು ದೂರದವರೆಗೆ ಇದ್ದರೆ ಚೌಕಟ್ಟಿನ ನಾಲ್ಕೂ ಮೂಲೆ ಕಾಣುತ್ತವೆ ಎಂಬುದನ್ನು ಅದು ಮಿಲಿಮೀಟರಿನಲ್ಲಿ ಹೇಳುತ್ತದೆ. ನಿಕಾನ್ ಝಡ್6ರಲ್ಲಿ ಅದು 21 ಮಿ.ಮೀ. ನನ್ನ ಬಾಡಿಯಲ್ಲಿ ಅದಕ್ಕಿಂತ ಕಡಿಮೆ ಇರುವುದರಿಂದ ಕೆಳಗಿನ ಸಾಲಿನ ಅಂಕಿಗಳನ್ನು ಓದಲು ಕಣ್ಣನ್ನು ತುಸು ಕೆಳಕ್ಕೆ ಹೊರಳಿಸಬೇಕು. ಕಿರಿಕಿರಿ ಮಾಡುವುದು ಕಣ್ಣು ಹತ್ತಿರ ಬಂದಾಗ ಪರದೆಯನ್ನು ಆರಿಸಿ ವ್ಯೂಫೈಂಡರ್ ಹೊತ್ತಿಸುವ ಕಣ್ಣಿನ ಸೆನ್ಸರ್: ಪರದೆಯನ್ನು ಹೊರಕ್ಕೆ ವಾಲಿಸಿ ಕ್ಯಾಮೆರಾವನ್ನು ಸೊಂಟದ ಎತ್ತರದಲ್ಲಿ ಹಿಡಿದರೆ ಅದು ನನ್ನ ಅಂಗಿಯನ್ನೇ ಮುಖವೆಂದು ಬಗೆದು ಪರದೆಯನ್ನು ಆರಿಸಿಬಿಡುತ್ತದೆ. ಎಡಗಣ್ಣಿನಲ್ಲಿ ನೋಡುವ ನನ್ನ ಗೆಳೆಯನಿಗೆ ಇನ್ನೊಂದು ಪಾಡು, ಅವನ ಮೂಗು ಟಚ್ ಪರದೆಗೆ ತಾಗಿ ಫೋಕಸ್ ಬಿಂದು ಮೂಲೆಗೆ ಹಾರುತ್ತಿತ್ತು. ಟಚ್‌ನ ಕೆಲಸವನ್ನು ಪರದೆಯ ಬಲ ಅರ್ಧಕ್ಕೆ ಮಾತ್ರ ಸೀಮಿತಗೊಳಿಸುವ ಆಯ್ಕೆ ಮೆನುವಿನ ಆಳದಲ್ಲಿ ಸಿಕ್ಕಿತು.

ಕಾರ್ಡ್ ಮತ್ತು ಬ್ಯಾಟರಿ ಎರಡಕ್ಕೂ ತಳದಲ್ಲಿ ಒಂದೇ ಬಾಗಿಲು. ಟ್ರೈಪಾಡ್ ಪ್ಲೇಟ್ ಹಾಕಿದ್ದರೆ ಅದು ತೆರೆಯುವುದಿಲ್ಲ, ಆದ್ದರಿಂದ ಕಾರ್ಡ್ ತುಂಬಿದಾಗಲೆಲ್ಲ ಸ್ಕ್ರೂ ಬಿಚ್ಚಬೇಕು.

ಕೊನೆಗೆ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪದ, ಬಾಗಿಲಿನ ಕಡೆ ಕಿಂಡಿ ಬಿಟ್ಟಿರುವ ಲೋಹದ ತಳವೊಂದನ್ನು ಬೇರೆಯಾಗಿ ಕೊಂಡು ಕೂರಿಸಿದ್ದೇನೆ. ಕಿರುಬೆರಳಿಗೆ ನೆಲೆ ಸಿಕ್ಕಿತು, ಪ್ಲೇಟ್ ಬಿಚ್ಚುವ ಕೆಲಸವೂ ತಪ್ಪಿತು, ಆದರೆ ಬಾಡಿಯ ಎತ್ತರ ಈಗ ನಾನು ಮಾರಿದ ಹಳೆಯ ಕ್ಯಾಮೆರಾದಷ್ಟೇ ಆಗಿದೆ. ಸಣ್ಣ ಪ್ರೈಮ್ ಲೆನ್ಸ್‌ಗಳಲ್ಲೇ ತೃಪ್ತರಾಗುವವರು ಈ ಬಾಡಿಯನ್ನು ಹಾಗೆಯೇ ಕೊಳ್ಳಬಹುದು. ದೊಡ್ಡ ಜೂಮ್ ಇರುವವರು ಅಂಗಡಿಗೆ ತಮ್ಮ ಲೆನ್ಸನ್ನೇ ಒಯ್ದು, ಬಾಡಿಗೆ ಹಾಕಿ, ಹತ್ತು ನಿಮಿಷ ಕೆಳಗಿಡದೆ ಹಿಡಿದು ನೋಡಲಿ.