ಹಾಯಿದೋಣಿಯ ವೈರಿಂಗ್: ಹಳೇ ತಂತಿ, ಹೊಸ ಕೇಬಲ್, ವೈಫೈ

ಇಂಗ್ಲೆಂಡಿನ ಸೋಲೆಂಟ್ ಜಲಸಂಧಿಯಲ್ಲಿ ಓಡಾಡುವ ನಮ್ಮ 30 ಅಡಿಯ ಹಾಯಿದೋಣಿಯಲ್ಲಿ ಜಿಪಿಎಸ್, ಗಾಳಿಮಾಪಕ, ಆಟೋಪೈಲಟ್, ಎಐಎಸ್ (ಸುತ್ತಲಿನ ಹಡಗುಗಳು ಎಲ್ಲಿವೆ ಅಂತ ತಿಳಿಸುವ ಸಾಧನ) ಎಲ್ಲಾ ಇದ್ದವು. ಒಂದಕ್ಕೊಂದು ಮಾತುಕತೆ ಮಾತ್ರ ಇರಲಿಲ್ಲ. ಮೂರು ವರ್ಷದಲ್ಲಿ ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ದೋಣಿಯ ಯಂತ್ರಗಳು ಮಾಹಿತಿ ಹಂಚಿಕೊಳ್ಳುವ ಹಳೇ ಮಾನದಂಡ, ಎನ್‌ಎಂಇಎ 0183. ಇಲ್ಲಿ ಒಂದು ತಂತಿಯಲ್ಲಿ ಮಾತಾಡುವುದು ಒಬ್ಬರೇ, ಉಳಿದವರು ಕೇಳಬೇಕು. ಇನ್ನೊಬ್ಬರೂ ಮಾತಾಡಬೇಕೆಂದರೆ ನಡುವೆ ಹಲವರ ಮಾತನ್ನು ಒಂದೇ ತಂತಿಗೆ ಸೇರಿಸುವ ಮಲ್ಟಿಪ್ಲೆಕ್ಸರ್ ಹಾಕಬೇಕು. ವೇಗ 4800 ಬಾಡ್ (ಅಂದರೆ ಸೆಕೆಂಡಿಗೆ ಅಷ್ಟು ಬಿಟ್), ಎಐಎಸ್‌ಗೆ 38400. ಇದನ್ನು ಹೊಂದಿಸಲು ಮರೆತು ಒಂದು ಶನಿವಾರವಿಡೀ ಸುಮ್ನೆ ತಂತಿಗಳನ್ನು ಬೈದೆ. ಆದರೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಡಾಲರ್ ಚಿಹ್ನೆಯಿಂದ ಶುರುವಾಗುವ ಸಾಲುಗಳನ್ನು ಕಣ್ಣಾರೆ ಓದಬಹುದು. ತಪ್ಪು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ.

ಆಮೇಲೆ ಅದರ ಹೊಸ ಪೀಳಿಗೆ, ಎನ್‌ಎಂಇಎ 2000. ಕಾರಿನ ಭಾಗಗಳು ಮಾತಾಡಿಕೊಳ್ಳುವ ಕ್ಯಾನ್ ಬಸ್ ಎಂಬ ಜಾಲವೇ ಇದರ ತಳಹದಿ, ಸೆಕೆಂಡಿಗೆ 250 ಕಿಲೋಬಿಟ್. ದೋಣಿಯುದ್ದಕ್ಕೂ ಒಂದೇ ಕೇಬಲ್, ಅದರಿಂದ ಟಿ ಕನೆಕ್ಟರ್‌ಗಳಲ್ಲಿ ಕವಲು. ಎಲ್ಲರೂ ಮಾತಾಡಬಹುದು. ಕವಲು 6 ಮೀಟರ್ ಮೀರಬಾರದು, ಗಾಳಿಮಾಪಕ ಇರುವ ಹಾಯಿಕಂಬದ ತುದಿಗೆ ಅದು ಎಲ್ಲಿ ಸಾಲುತ್ತೆ? ಹಾಗಾಗಿ ಮುಖ್ಯ ಕೇಬಲನ್ನೇ ಮೇಲಕ್ಕೆ ಒಯ್ದೆ. ಒಂದು ತಿಂಗಳು ಗಾಳಿಮಾಪಕ ಬಂದು ಹೋಗಿ ಆಟವಾಡಿಸಿತು. ಕೊನೆಗೆ ಕರೆಂಟ್ ಆಫ್ ಮಾಡಿ ಮೀಟರ್ ಇಟ್ಟೆ: 60 ಓಮ್ ತೋರಿಸಬೇಕಾದಲ್ಲಿ 120. ಕೇಬಲಿನ ಎರಡು ತುದಿಗೂ ಇರಬೇಕಾದ, ತಲಾ 120 ಓಮ್ ರೋಧಕವಾದ ಟರ್ಮಿನೇಟರ್‌ಗಳಲ್ಲಿ ಒಂದು ಸಡಿಲವಾಗಿತ್ತು. ಬಿಗಿ ಮಾಡಿದ ಮೇಲೆ ತೊಂದರೆ ಕೊಟ್ಟಿಲ್ಲ. ಖರ್ಚು ಮಾತ್ರ ಜಾಸ್ತಿ. ಒಂದೊಂದು ಕನೆಕ್ಟರ್‌ಗೂ ಜೇಬಿಗೆ ಕೈ ಹಾಕಬೇಕು, ಹಳೇ ಯಂತ್ರಕ್ಕೆ ಪರಿವರ್ತಕವೂ ಬೇಕು.

ಮೂರನೆಯದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಯಂತ್ರಗಳ ಮಾಹಿತಿ ಒಟ್ಟುಗೂಡಿಸುವ ಸಿಗ್ನಲ್ ಕೆ ತಂತ್ರಾಂಶ, ವೈಫೈ ಮೂಲಕ ಫೋನಿಗೆ ಮಾಹಿತಿ. ಲಂಗರು ಹಾಕಿ ಮಲಗಿದಲ್ಲೇ ಆಳ, ಗಾಳಿ ನೋಡುವ ಮಜಾ ಇದರದ್ದು. ಆದರೆ ಎಂಜಿನ್ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಪುಟ್ಟ ಕಂಪ್ಯೂಟರ್ ಸತ್ತು ಹುಟ್ಟುತ್ತಿತ್ತು. ಮಳೆಯಲ್ಲಿ ಟ್ಯಾಬ್ಲೆಟ್ ಪರದೆಗೆ ಬೆರಳು ಯಾವುದು, ಹನಿ ಯಾವುದು ತಿಳಿಯದು.

ಈಗ ಆಟೋಪೈಲಟ್, ಗಾಳಿಮಾಪಕ ಎನ್‌ಎಂಇಎ 2000 ಕೇಬಲಿನಲ್ಲಿವೆ, ವೈಫೈ ಬರೀ ನೋಡುವುದಕ್ಕೆ. ವಿಎಚ್‌ಎಫ್ ರೇಡಿಯೋಗೆ ಮಾತ್ರ ಜಿಪಿಎಸ್‌ನಿಂದ ನೇರ 0183 ತಂತಿ ಹಾಗೇ ಉಳಿಸಿದ್ದೇನೆ. ಅಪಾಯದಲ್ಲಿ ಸಹಾಯ ಕೇಳುವ ರೇಡಿಯೋದ ಕೆಂಪು ಗುಂಡಿ ಒತ್ತಿದ ದಿನ ನಾವು ಎಲ್ಲಿದ್ದೇವೆಂದು ಹೇಳಬೇಕಾದ್ದು ಆ ರೇಡಿಯೋ, ನಡುವೆ ಇನ್ಯಾವ ಪೆಟ್ಟಿಗೆಯೂ ಬೇಡ.