ಆರ್‌ಪಿ2040: ಡ್ರೈವರ್ ಬರೆಯುವವರ ಕಣ್ಣಲ್ಲಿ

2021ರ ಜನವರಿಯಲ್ಲಿ ಆರ್‌ಪಿ2040 ಚಿಪ್ ಇರುವ ಪುಟ್ಟ ಬೋರ್ಡ್ ರಾಸ್ಪ್‌ಬೆರಿ ಪೈ ಪಿಕೊ ಬಂದಾಗ ಎಲ್ಲರೂ ಎರಡು ಕೋರ್, 264 ಕೆಬಿ ರ‍್ಯಾಮ್ ಅಂತ ಹೊಗಳಿದರು. ವರ್ಷಗಟ್ಟಲೆ ಅದಕ್ಕೆ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಬರೆದ ಮೇಲೂ ನಾನು ಆರ್‌ಪಿ2040 ಬಿಡದಿರಲು ಕಾರಣ ಅದರ ಡೇಟಾಶೀಟ್, ಅಂದರೆ ತಯಾರಕರೇ ಕೊಡುವ ತಾಂತ್ರಿಕ ಕೈಪಿಡಿ.

ಆರುನೂರಕ್ಕೂ ಹೆಚ್ಚು ಪುಟ. ಓದಲು ಯಾವ ಒಪ್ಪಂದಕ್ಕೂ ಸಹಿ ಹಾಕಬೇಕಿಲ್ಲ. ಚಿಪ್‌ನ ಭಾಗಗಳನ್ನು ನಿಯಂತ್ರಿಸುವ ರಿಜಿಸ್ಟರ್‌ಗಳ ಬಿಟ್ ಬಿಟ್‌ಗೂ ವಿವರಣೆ ಇದೆ, ಚಿಪ್ ಎದ್ದೊಡನೆ ಓಡುವ ಬೂಟ್‌ರಾಮ್‌ನ ಸೋರ್ಸ್ ಕೂಡ ಸಿಗುತ್ತದೆ. ರಿಜಿಸ್ಟರ್‌ಗಳ ಪಟ್ಟಿಯನ್ನು ಕಂಪ್ಯೂಟರ್ ಓದುವಂತೆ ಬರೆದ ಎಸ್‌ವಿಡಿ ಫೈಲ್ ಇರುವುದರಿಂದ ರಸ್ಟ್ ಭಾಷೆಯಲ್ಲಿ ಬರೆಯುವವರು ರಿಜಿಸ್ಟರ್ ವಿಳಾಸಗಳನ್ನು ಕೈಯಾರೆ ಟೈಪ್ ಮಾಡುತ್ತಾ ಕೂರಬೇಕಿಲ್ಲ. ಹೆಚ್ಚಿನ ಪೆರಿಫೆರಲ್‌ಗಳಲ್ಲಿ (ಕೋರ್‌ಗೆ ನೆರವಾಗುವ ಚಿಪ್‌ನ ಘಟಕಗಳು) ರಿಜಿಸ್ಟರ್ ವಿಳಾಸಕ್ಕೆ ಹೆಕ್ಸ್ 2000 ಕೂಡಿಸಿ ಬರೆದರೆ ಬಿಟ್ ಸೆಟ್, 3000 ಕೂಡಿಸಿದರೆ ಕ್ಲಿಯರ್. ಓದಿ, ತಿದ್ದಿ, ಮತ್ತೆ ಬರೆಯುವಷ್ಟರಲ್ಲಿ ಇಂಟರಪ್ಟ್ (ನಡುವೆ ಬರುವ ತುರ್ತು ಕರೆ) ನುಗ್ಗುವ ತಲೆನೋವೇ ಇಲ್ಲ.

ನಿಜವಾದ ಮಜಾ ಇರುವುದು ಪಿಐಒದಲ್ಲಿ, ಅಂದರೆ ಪಿನ್‌ಗಳನ್ನು ನಡೆಸಲು ನಾವೇ ಪ್ರೋಗ್ರಾಂ ಮಾಡಬಹುದಾದ ಘಟಕದಲ್ಲಿ. ಎರಡು ಬ್ಲಾಕ್, ಒಂದೊಂದರಲ್ಲಿ ನಾಲ್ಕು ಸ್ಟೇಟ್ ಮೆಷಿನ್ (ಚಿಕ್ಕ ಪ್ರೋಗ್ರಾಂ ಓಡಿಸುವ ಪುಟ್ಟ ಯಂತ್ರ). ಚಿಪ್‌ನಲ್ಲಿ ಇಲ್ಲದ ಪ್ರೋಟೊಕಾಲನ್ನು ನಾವೇ ಬರೆದುಕೊಳ್ಳಬಹುದು. ಒಂದೇ ತಂತಿಯಲ್ಲಿ ಬಣ್ಣದ ಡೇಟಾ ಪಡೆಯುವ ಡಬ್ಲ್ಯೂಎಸ್2812 ಎಲ್‌ಇಡಿಗೆ ನಾಲ್ಕೇ ಇನ್‌ಸ್ಟ್ರಕ್ಷನ್ ಸಾಕು: ಬಿಟ್‌ಗೆ ಹತ್ತು ಸೈಕಲ್, ವೇಗ 800 ಕಿಲೋಹರ್ಟ್ಜ್, ಅಂದರೆ ಸ್ಟೇಟ್ ಮೆಷಿನ್‌ಗೆ 8 ಮೆಗಾಹರ್ಟ್ಜ್. 125 ಮೆಗಾಹರ್ಟ್ಜ್ ಗಡಿಯಾರವನ್ನು 15.625ರಿಂದ ಭಾಗಿಸಿದರೆ ಸರಿಯಾಗಿ ಕೂರುತ್ತದೆ. ಡಿವೈಡರ್‌ನ ಭಿನ್ನಾಂಶಕ್ಕೆ 8 ಬಿಟ್ ಇರುವುದರಿಂದ ಚೂರೂ ಉಳಿಯುವುದಿಲ್ಲ. ಆಮೇಲೆ ಸಿಪಿಯು ಎಫ್‌ಐಎಫ್‌ಒ (ಡೇಟಾ ಸರದಿ ಸಾಲು) ತುಂಬಿಸುತ್ತಿದ್ದರೆ ಆಯಿತು, ಸಿಪಿಯು ಇಲ್ಲದೆಯೇ ಡೇಟಾ ಸಾಗಿಸುವ ಡಿಎಂಎ ಇಟ್ಟರೆ ಅದೂ ಬೇಡ.

ಆದರೆ ಬ್ಲಾಕ್‌ಗೆ 32 ಇನ್‌ಸ್ಟ್ರಕ್ಷನ್ ಮಾತ್ರ, ಅದನ್ನೇ ನಾಲ್ಕೂ ಮೆಷಿನ್‌ಗಳು ಹಂಚಿಕೊಳ್ಳಬೇಕು. ಪ್ರೋಟೊಕಾಲ್ ಸ್ವಲ್ಪ ಜಟಿಲವಾದರೆ ಜಾಗಕ್ಕೆ ಪರದಾಟ. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಹೆಸರಿಗೆ 12 ಬಿಟ್, ಡೇಟಾಶೀಟ್ ಪ್ರಕಾರವೇ ಪರಿಣಾಮಕಾರಿ ಬಿಟ್ 8.7; ಅಳತೆ 512, 1536, 2560, 3584ರ ಬಳಿ ಎಡವುತ್ತದೆ ಅಂತಲೂ ಅದರಲ್ಲೇ ಬರೆದಿದೆ. ಹುಳುಕನ್ನು ಹೀಗೆ ಮುಂಚೆಯೇ ಹೇಳುವ ತಯಾರಕರ ಚಿಪ್‌ಗೆ ಡ್ರೈವರ್ ಬರೆಯುವುದೇ ಹಗುರ. ಫರ್ಮ್‌ವೇರ್ ಹೊರಗಿನ ಫ್ಲಾಶ್‌ನಲ್ಲಿ ಬಟಾಬಯಲಾಗಿ ಕೂತಿರುತ್ತದೆ, ಕೋಡ್ ಗುಟ್ಟಾಗಿಡಬೇಕಾದವರು ಇತ್ತ ಬರಬೇಡಿ. ಅಂದಹಾಗೆ, ಇದನ್ನು ಓಪನ್ ಹಾರ್ಡ್‌ವೇರ್ ಅನ್ನಲಾಗದು: ದಾಖಲೆ ತೆರೆದಿದೆ, ಸಿಲಿಕಾನ್ ವಿನ್ಯಾಸ ಮುಚ್ಚಿದೆ.

ಇದರ ಮುಂದಿನ ಚಿಪ್, 2024ರ ಆರ್‌ಪಿ2350ರಲ್ಲಿ ಪಿಐಒ ಬ್ಲಾಕ್ ಮೂರಾಗಿವೆ. ಹ್ಯಾಜರ್ಡ್3 ಎಂಬ ರಿಸ್ಕ್-ವಿ ಕೋರ್‌ನ ವೆರಿಲಾಗ್ (ವಿನ್ಯಾಸದ ಕೋಡ್) ಕೂಡ ತೆರೆದಿದೆ. ಹಳೆಯ ಪಿಐಒ ಕೋಡ್ ಬಹುಪಾಲು ಹಾಗೇ ಓಡುತ್ತದೆ. ಪುಲ್‌ಡೌನ್ (ಪಿನ್ನನ್ನು ಸೊನ್ನೆಗೆ ಎಳೆದಿಡುವ ರೆಸಿಸ್ಟರ್) ಬಳಸುವವರು ಮಾತ್ರ ಕೊಳ್ಳುವ ಮುನ್ನ ದೋಷಪಟ್ಟಿಯ ಎರ್ರಾಟಾ ಇ9 ಓದಿ, ಬೋರ್ಡ್‌ನಲ್ಲಿರುವುದು ಆ ದೋಷವಿರುವ ಎ2 ಸ್ಟೆಪಿಂಗ್ (ಚಿಪ್‌ನ ಆವೃತ್ತಿ) ಹೌದೋ ಅಲ್ಲವೋ ಅಂತ ನೋಡಿಕೊಳ್ಳಿ.