ಎಥಿಕಲ್ ಹ್ಯಾಕಿಂಗ್ ಕೋರ್ಸಿಗೆ ಸೇರುವ ಮುಂಚೆ ಇದನ್ನು ಓದಿ

ನನ್ನ ತಮ್ಮ ಬಿಸಿಎ ಮುಗಿಸಿ ಬಳ್ಳಾರಿಯ ಒಂದು ತರಬೇತಿ ಕೇಂದ್ರದಲ್ಲಿ ಎಥಿಕಲ್ ಹ್ಯಾಕಿಂಗ್ ಕೋರ್ಸಿಗೆ ಸೇರಿದ. ಅಂದರೆ ಮಾಲೀಕರ ಒಪ್ಪಿಗೆ ಪಡೆದು ಅವರ ಸಿಸ್ಟಮ್‌ನಲ್ಲಿ ಸೆಕ್ಯುರಿಟಿ ದೋಷ ಹುಡುಕುವ ಕೆಲಸ. ಫೀಸು 70 ಸಾವಿರ, ಕೆಲಸ ಗ್ಯಾರಂಟಿ. ‘ಈಗ ದುಡ್ಡು ಬೇಡ, ತಿಂಗಳು ತಿಂಗಳು ಕಟ್ಟಿದರಾಯಿತು’ ಅಂದರು. ಅಪ್ಪನ ಆಧಾರ್, ಪ್ಯಾನ್ ತರಿಸಿಕೊಂಡರು. ಫೋನಿಗೆ ಬಂದ ಓಟಿಪಿಯನ್ನೂ ಕೇಳಿ ಪಡೆದರು. ಸೆಕ್ಯುರಿಟಿ ಕಲಿಸುವವರೇ ಓಟಿಪಿ ಕೇಳಿದರೆ ನಗಬೇಕೋ ಅಳಬೇಕೋ!

ಅದು ಫೀಸಿನ ಕಂತಲ್ಲ. ಫೈನಾನ್ಸ್ ಕಂಪನಿಯಲ್ಲಿ ಅಪ್ಪನ ಹೆಸರಿಗೆ ಎತ್ತಿದ ಸಾಲ. ದುಡ್ಡು ಪೂರ್ತಿ ಮೊದಲೇ ಕೇಂದ್ರದವರ ಖಾತೆಗೆ ಹೋಗಿತ್ತು. ಆಮೇಲೆ ಪಾಠ ಮಾಡಿದರೂ ಅಷ್ಟೆ, ಬಿಟ್ಟರೂ ಅಷ್ಟೆ ಅಲ್ವಾ?

ನೆಟ್‌ವರ್ಕಿಂಗ್ ಪಾಠ ಸುಮ್ನೆ ಓಡಿಸಿಬಿಟ್ಟರು. ಹ್ಯಾಕಿಂಗ್ ಟೂಲ್‌ಗಳು ಮೊದಲೇ ಇರುವ, ಪುಕ್ಕಟೆ ಸಿಗುವ ‘ಕಾಲಿ ಲಿನಕ್ಸ್’ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟರು. ಜಾಸ್ತಿ ಭಯ ಆಗಿದ್ದು ಪ್ರಾಕ್ಟಿಕಲ್ ಕಥೆ ಕೇಳಿ. ಅವರ ಹತ್ತಿರ ಲ್ಯಾಬೇ ಇಲ್ಲ. ಊರಿನದೇ ಒಂದು ಬಟ್ಟೆ ಅಂಗಡಿಯ ವೆಬ್‌ಸೈಟ್ ತೋರಿಸಿ, ‘ಇದರ ಮೇಲೆ ಎಸ್‌ಕ್ಯೂಎಲ್‌ಮ್ಯಾಪ್ ಓಡಿಸಿ, ಡೇಟಾಬೇಸ್ ಸಿಗುತ್ತಾ ನೋಡಿ’ ಅಂದರಂತೆ. ಅದು ವೆಬ್‌ಸೈಟಿನ ದೋಷ ಹುಡುಕಿ ಒಳಗಿನ ಮಾಹಿತಿ ಎಳೆಯುವ ಟೂಲ್. ಅಂಗಡಿಯವರಿಗೆ ಇದು ಗೊತ್ತೇ ಇಲ್ಲ. ಅನುಮತಿ ಇಲ್ಲದೆ ಬೇರೆಯವರ ಸಿಸ್ಟಮ್‌ಗೆ ಕೈ ಹಾಕಿದರೆ 2000ನೇ ಇಸವಿಯ ಐಟಿ ಕಾಯ್ದೆಯ 43ನೇ ಕಲಂ ಪ್ರಕಾರ ಪರಿಹಾರ ಕಟ್ಟಿಕೊಡಬೇಕು. ಕೆಟ್ಟ ಉದ್ದೇಶ ಅಂತ ಸಾಬೀತಾದರೆ 66ನೇ ಕಲಂ: 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ವೆಬ್‌ಸೈಟಿಗೆ ಯಾರು ಬಂದರು ಅನ್ನುವ ದಾಖಲೆಯಲ್ಲಿ (ಲಾಗ್) ಉಳಿಯುವುದು ಮೇಷ್ಟ್ರ ಐಪಿ ವಿಳಾಸ ಅಲ್ಲ, ಹುಡುಗನ ಹಾಟ್‌ಸ್ಪಾಟಿನದು. ಸೈಬರ್ ಸೆಕ್ಯುರಿಟಿ ಕೆಲಸಕ್ಕೆ ತೆಗೆದುಕೊಳ್ಳುವಾಗ ಹಿನ್ನೆಲೆ ವಿಚಾರಿಸುತ್ತಾರೆ. ಒಂದು ಎಫ್‌ಐಆರ್ ಬಿದ್ದಿದ್ದರೆ ಆ ದಾರಿಯೇ ಮುಚ್ಚಿಹೋಗಬಹುದು. ಪುಣ್ಯಕ್ಕೆ ತಮ್ಮ ಅದನ್ನು ಓಡಿಸಲಿಲ್ಲ.

ಸರ್ಟಿಫಿಕೇಟ್ ಕೇಂದ್ರದವರೇ ಪ್ರಿಂಟ್ ಹಾಕಿದ್ದು. ಸಿಇಎಚ್, ಸೆಕ್ಯುರಿಟಿ ಪ್ಲಸ್‌ನಂಥ, ಈ ಕ್ಷೇತ್ರದಲ್ಲಿ ಹೆಸರಿರುವ ಪರೀಕ್ಷೆಗಳ ಸರ್ಟಿಫಿಕೇಟ್ ಆದರೆ ಆನ್‌ಲೈನಿನಲ್ಲಿ ಅಸಲಿಯೋ ಅಲ್ಲವೋ ನೋಡಬಹುದು. ಗ್ಯಾರಂಟಿ ಕೆಲಸ ಅಂದರೆ ಬೆಂಗಳೂರಿನ ಕಾಲ್ ಸೆಂಟರಿನ ಇಂಟರ್‌ವ್ಯೂ.

ಕಂತು ಅಂದ ಕೂಡಲೇ ಸಾಲ ಯಾರದು ಅಂತ ಕೇಳಿ. ಸಾಲದ ಬಡ್ಡಿ, ಖರ್ಚು, ಷರತ್ತು ಬರೆದಿರುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಓದದೆ ಓಟಿಪಿ ಕೊಡಬೇಡಿ. ಡಿಜಿಟಲ್ ಸಾಲಕ್ಕೆ ಆರ್‌ಬಿಐ ನಿಯಮದಂತೆ ಕೂಲಿಂಗ್ ಆಫ್ ಅವಧಿ ಇರುತ್ತದೆ. ಅಷ್ಟರೊಳಗೆ ಅಸಲು, ಆ ದಿನಗಳ ಬಡ್ಡಿ ಕಟ್ಟಿ ಹೊರಬರಬಹುದು. ನಮಗೆ ಗೊತ್ತಾಗುವಷ್ಟರಲ್ಲಿ ಅದು ಮುಗಿದಿತ್ತು.

ಅಭ್ಯಾಸಕ್ಕೆ ಪೋರ್ಟ್‌ಸ್ವಿಗರ್‌ನವರ ವೆಬ್ ಸೆಕ್ಯುರಿಟಿ ಅಕಾಡೆಮಿ, ಓವರ್‌ದಿವೈರ್ ಎಂಬ ಆನ್‌ಲೈನ್ ತಾಣಗಳು ಪುಕ್ಕಟೆ ಇವೆ. ಕಲಿಯುವವರಿಗಾಗಿ ಬೇಕಂತಲೇ ದೋಷ ಇಟ್ಟು ಮಾಡಿದ ಓವಾಸ್ಪ್ ಸಂಸ್ಥೆಯ ‘ಜ್ಯೂಸ್ ಶಾಪ್’ ವೆಬ್‌ಸೈಟನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಹಾಕಿಕೊಂಡು ಎಷ್ಟು ಬೇಕಾದರೂ ಒಡೆಯಿರಿ, ಯಾರೂ ಕೇಳಲ್ಲ. ತಮ್ಮ ಈಗ ಅದನ್ನೇ ಮಾಡುತ್ತಿದ್ದಾನೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಕಂತು ಮಾತ್ರ ಪ್ರತಿ ತಿಂಗಳು ಅಪ್ಪನ ಖಾತೆಯಿಂದ ಕಟ್ ಆಗುತ್ತಲೇ ಇದೆ.